‘ಮಟೇಕಾ’ ಪದದ ಅರ್ಥ ಕುರಿತು ಟೀಚರಮ್ಮನ ತಕರಾರು

ರುಬಾಲೆ ಹಳ್ಳಿ, ಕಾಗೇರಾ ನದಿಯ ಉತ್ತರ ದಡ
4 ಆಗಸ್ಟ್ 1992

ಸ್ವಾಹಿಲಿ ನಿಘಂಟಿನ ಸಂಪಾದಕರಾದ ಶ್ರೀ ಅಥುಮಾನಿ ಕಿಬ್ವಾನಾ ಅವರಿಗೆ,

ನನ್ನ ಹೆಸರು ಕೊಕುಶುಬಿರಾ. ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು. ತಪ್ಪು ಕಂಡರೆ ಕೆಂಪು ಶಾಯಿ ಹುಡುಕುವ ಚಾಳಿ ಇನ್ನೂ ಬಿಟ್ಟಿಲ್ಲ. ನಿಮ್ಮ ನಿಘಂಟಿನ ಇನ್ನೂರ ಹದಿನಾಲ್ಕನೇ ಪುಟ ತೆಗೆಯಿರಿ.

‘ಮಟೇಕಾ: ಯುದ್ಧದಲ್ಲಿ ಶತ್ರುವಿನ ಕೈಗೆ ಸಿಕ್ಕಿ, ಕೈಕಾಲು ಕಟ್ಟಿಸಿಕೊಂಡು ಬಂಧನದಲ್ಲಿರುವ ವ್ಯಕ್ತಿ, ಸೆರೆಯಾಳು. ಉದಾ: ಮಟೇಕಾಗಳನ್ನು ಹಗ್ಗದಲ್ಲಿ ಕಟ್ಟಿ ಸಾಲಾಗಿ ನಡೆಸಿದರು.’

ಈ ಹಗ್ಗ ಎಲ್ಲಿಂದ ಬಂತು ಸ್ವಾಮಿ? ನೀವು ದಾರ್ ಎಸ್ ಸಲಾಮಿನಲ್ಲಿ ಫ್ಯಾನಿನ ಕೆಳಗೆ ಕೂತು ಹೊಸೆದದ್ದೋ?

ವಿಷಯ ಹೇಳುತ್ತೇನೆ. ಹದಿನಾಲ್ಕು ವರ್ಷದ ಹಿಂದೆ ಉಗಾಂಡಾದ ಸೈನಿಕರು ಗಡಿ ದಾಟಿ ನಮ್ಮ ದೇಶಕ್ಕೆ, ನದಿಯ ಈ ದಡಕ್ಕೆ ನುಗ್ಗಿದಾಗ ನಮ್ಮ ಊರಿನಿಂದ ಹದಿನೆಂಟು ಜನರನ್ನು ಹಿಡಿದುಕೊಂಡು ಹೋದರು. ಅವರಲ್ಲಿ ನನ್ನ ಗಂಡ ಕಾಯಿಜಾಗೆಯೂ ಒಬ್ಬ. ಆರು ತಿಂಗಳ ಮೇಲೆ ಬಂದ. ಈ ಫೆಬ್ರವರಿಯಲ್ಲಿ ತೀರಿಕೊಂಡ. ಈಗ ಶಾಲೆಯ ಅಂಗಳದಲ್ಲಿ ‘ಮಟೇಕಾ ಆಗಿ ಹೋದವರು’ ಎಂದು ಒಂದು ಕಲ್ಲು ನಿಲ್ಲಿಸುತ್ತಿದ್ದಾರೆ. ಅದರಲ್ಲಿ ಹದಿನೇಳೇ ಹೆಸರು. ಕಾಯಿಜಾಗೆಯದಿಲ್ಲ.

ನಮ್ಮ ಗ್ರಾಮಾಧ್ಯಕ್ಷ ಬ್ಯಾಬಾಟೊನ ಮೇಜಿನ ಮೇಲೆ ನಿಮ್ಮ ನಿಘಂಟು ಇದೆ, ಜಿಲ್ಲೆಯವರು ಬಹುಮಾನ ಕೊಟ್ಟದ್ದು. ಕೋತಿಯ ಕೈಗೆ ಮಾಣಿಕ್ಯ. ಕೇಳಲು ಹೋದರೆ ಪುಟ ತಿರುವಿದ.

“ಟೀಚರಮ್ಮ, ನಿಮ್ಮ ಯಜಮಾನ್ರಿಗೆ ಹಗ್ಗ ಕಟ್ಟಿದ್ರಾ?”

“ಇಲ್ಲ.”

“ಬೀಗ ಹಾಕಿದ್ರಾ?”

“ಇಲ್ಲ.”

“ಮತ್ತೆ? ಪುಸ್ತಕ ಸುಳ್ಳು ಹೇಳುತ್ತಾ? ಅವರು ಹೋದ್ರು, ಬಂದ್ರು. ನೆಂಟರ ಮನೆಗೆ ಹೋಗಿಬಂದ ಹಾಗೆ.”

ಈ ಬ್ಯಾಬಾಟೊ ಮೊದಲ ಗುಂಡಿನ ಸದ್ದಿಗೂ ಮುಂಚೆ ಹಿತ್ತಲ ಬಾಗಿಲಿನಿಂದ ಹೊರಬಿದ್ದು ದಕ್ಷಿಣದಲ್ಲಿರುವ ಅತ್ತೆಮನೆ ಸೇರಿ, ಯುದ್ಧ ಮುಗಿಯುವ ತನಕ ಅವರ ಬಾಳೆಕಾಯಿ ತಿಂದು ಮೈ ಬೆಳೆಸಿಕೊಂಡವನು. ಕಲ್ಲಿನ ಮೇಲೆ ಎಲ್ಲರಿಗಿಂತ ದೊಡ್ಡ ಅಕ್ಷರದಲ್ಲಿ ಬರುವುದು ‘ಸ್ಥಾಪಿಸಿದವರು’ ಎಂದು ಅವನದೇ ಹೆಸರು. ಅವನ ಜೊತೆ ವಾದ ಮಾಡಿ ಫಲವಿಲ್ಲ. ಮೊಹರು ಇರುವ ಕಾಗದಕ್ಕೆ ಮಾತ್ರ ಬಗ್ಗುತ್ತಾನೆ. ಮೊಹರು ಕಂಡರೆ ಸಾಕು, ಊರನ್ನೆಲ್ಲ ಸೇರಿಸಿ ಮೊದಲಿನಿಂದ ಕೊನೆಯ ತನಕ, ಮುದ್ರಣಾಲಯದ ವಿಳಾಸವನ್ನೂ ಬಿಡದೆ ಗಟ್ಟಿಯಾಗಿ ಓದುತ್ತಾನೆ.

ಆದ್ದರಿಂದ ಅರ್ಥ ತಿದ್ದಿ, ಮೊಹರು ಹಾಕಿ ಕಳಿಸಿ. ಕಲ್ಲಿನ ಅನಾವರಣ ಬರುವ ಜುಲೈಯಲ್ಲಿ.

ಕೊಕುಶುಬಿರಾ

*

ನಿಘಂಟು ಕಚೇರಿ, ದಾರ್ ಎಸ್ ಸಲಾಮ್
2 ಸೆಪ್ಟೆಂಬರ್ 1992

ಶ್ರೀಮತಿ ಕೊಕುಶುಬಿರಾ ಅವರಿಗೆ,

ತಮ್ಮ ಪತ್ರ ತಲುಪಿದೆ. ಪತ್ರದ ಧಾಟಿಯನ್ನು ಗಮನಿಸಿದ್ದೇನೆ. ಅದಕ್ಕೆ ಉತ್ತರಿಸುವುದು ನನ್ನ ಕೆಲಸವಲ್ಲ.

ನಿಘಂಟು ಯಾರದೋ ಮನೆಯ ದುಃಖಕ್ಕೆ ತಕ್ಕಂತೆ ಅಳೆದು ಹೊಲಿಯುವ ಅಂಗಿಯಲ್ಲ. ಒಂದು ಪದದ ಅರ್ಥ ಬದಲಾಗಬೇಕಾದರೆ ಆ ಅರ್ಥದಲ್ಲಿ ಅದು ಐದು ಬೇರೆ ಬೇರೆ ಮುದ್ರಿತ ಮೂಲಗಳಲ್ಲಿ ಬಳಕೆಯಾಗಿರಬೇಕು. ಒಂದೊಂದು ಬಳಕೆಗೂ ಒಂದೊಂದು ಚೀಟಿ. ಚೀಟಿಯಲ್ಲಿ ವಾಕ್ಯ, ಮೂಲ, ಬರೆದವರ ಹೆಸರು, ದಿನಾಂಕ. ಬಾಯಿಮಾತಿಗೆ ಇಲ್ಲಿ ಸ್ಥಾನವಿಲ್ಲ. ಹಳ್ಳಿ ಶಾಲೆಗಳ ಉಪಾಧ್ಯಾಯರಿಗೆ ಈ ಶಿಸ್ತು ಹೊಸದಿರಬಹುದು.

ಐದು ಖಾಲಿ ಚೀಟಿ ಲಗತ್ತಿಸಿದ್ದೇನೆ. ತಮ್ಮಿಂದಾದರೆ ತುಂಬಿ ಕಳಿಸಿ. ಪರಿಷ್ಕೃತ ಆವೃತ್ತಿಯಲ್ಲಿ ಈ ಅಕ್ಷರದ ಕೆಲಸ ಮಾರ್ಚ್ ಕೊನೆಗೆ ಮುಗಿಯುತ್ತದೆ.

ಅಥುಮಾನಿ ಕಿಬ್ವಾನಾ
ಸಂಪಾದಕ

*

ರುಬಾಲೆ
20 ಸೆಪ್ಟೆಂಬರ್ 1992

ಸಂಪಾದಕರೇ,

ನನ್ನ ಗಂಡನನ್ನು ಎಳೆದುಕೊಂಡು ಹೋಗುವಾಗ ಸೈನಿಕರು ಮುದ್ರಣಾಲಯ ಹೊತ್ತು ತಂದಿರಲಿಲ್ಲ. ತಪ್ಪಾಯಿತು, ಕ್ಷಮಿಸಿ. ಆದರೂ ಐದು ಚೀಟಿ ತುಂಬಿದ್ದೇನೆ. ವಾಕ್ಯಗಳು ಇವು:

‘ಬಾಗಿಲಿಗೆ ಬೀಗವಿಲ್ಲದ ಮಾತ್ರಕ್ಕೆ ಮಟೇಕಾ ಮನೆಗೆ ಹೋಗಲಾರ.’

‘ಮಟೇಕಾನ ಕೈಯಿಂದ ಕೆಲಸ ಬೇಕಾದವನು ಆ ಕೈಗೆ ಹಗ್ಗ ಕಟ್ಟುವುದಿಲ್ಲ.’

‘ಅತ್ತೆಮನೆಯಲ್ಲಿ ಅಡಗಿ ಕೂತವನು ಮಟೇಕಾ ಅಲ್ಲ, ಆದರೆ ಗ್ರಾಮಾಧ್ಯಕ್ಷನಾಗಬಹುದು.’

‘ಮಟೇಕಾನ ಬಗ್ಗೆ ತಿಳಿಯದವರು ನಿಘಂಟು ಬರೆಯುತ್ತಾರೆ.’

‘ಐದು ಚೀಟಿ ಸಿಗುವ ತನಕ ಮಟೇಕಾ ಕಾಯತಕ್ಕದ್ದು.’

ಮೂಲ: ಕೊಕುಶುಬಿರಾ. ಮುದ್ರಿಸುವುದು ನಿಮ್ಮ ಕೆಲಸ. ಮುದ್ರಿಸಿದ ಮೇಲೆ ಅವು ಮುದ್ರಿತ ಮೂಲವೇ ಆಗುತ್ತವೆ.

ಎರಡನೇ ಚೀಟಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮ್ಮಂಥ ಕಲಿತವರಿಗೆ ಸರಳ ವಿಷಯ ತಲೆಗೆ ಹತ್ತುವುದು ಕಷ್ಟ. ಕಾಯಿಜಾಗೆ ಸೈಕಲ್ ರಿಪೇರಿಯವನು. ಸೈನಿಕರು ಈ ದಡದಲ್ಲಿ ಕೈಗೆ ಸಿಕ್ಕ ಸೈಕಲ್ಲುಗಳನ್ನೆಲ್ಲ ದೋಚಿದರು. ಅರ್ಧಕ್ಕರ್ಧ ಮುರುಕಲು, ಇವರಿಗೆ ತಿಳಿಯದೆ ಹೊತ್ತುಕೊಂಡು ಹೋದರು. ಉಳಿದ ಹದಿನೇಳು ಜನ ಮೂಟೆ ಹೊರುವವರು, ಅವರನ್ನು ಕಟ್ಟಿದರು. ಇವನ ಕೈಗೆ ಹಗ್ಗ ಕಟ್ಟಿದರೆ ಟ್ಯೂಬಿಗೆ ಪಂಚರ್ ಯಾರು ಹಾಕಬೇಕು? ನಿಮ್ಮ ಉದಾಹರಣೆಯ ಹಗ್ಗವೋ?

ಇದನ್ನು ಬ್ಯಾಬಾಟೊಗೂ ಹೇಳಿದೆ. “ಕಟ್ಟದೇ ಇದ್ದ ಮೇಲೆ ಇರೋಕೆ ಮನಸ್ಸಿತ್ತು ಅಂತ ಆಯ್ತಲ್ಲ” ಅಂದ. ಪಕ್ಕದಲ್ಲಿದ್ದ ಅವನ ಹೆಂಡತಿಯೇ, “ನಿಮ್ಮನ್ನ ನಮ್ಮ ತವರಲ್ಲಿ ಯಾರೂ ಕಟ್ಟಿರಲಿಲ್ಲ, ಆದ್ರೂ ಕಕ್ಕಸಿಗೆ ಹೋಗೋಕೂ ಹೆದರ್ತಿದ್ರಿ” ಎಂದಳು. ದೇವರು ಅವಳನ್ನು ಚೆನ್ನಾಗಿಟ್ಟಿರಲಿ.

ಕೊಕುಶುಬಿರಾ

*

ನಿಘಂಟು ಕಚೇರಿ
15 ಅಕ್ಟೋಬರ್ 1992

ಶ್ರೀಮತಿಯವರೇ,

ಚೀಟಿಗಳನ್ನು ಹಿಂತಿರುಗಿಸಿದ್ದೇನೆ. ಕುಚೋದ್ಯಕ್ಕೆ ಸರಕಾರಿ ಕಾಗದ ವ್ಯರ್ಥ ಮಾಡಬಾರದು.

ಆ ವ್ಯಾಖ್ಯೆ ಬರೆದವನು ನಾನೇ, ಹನ್ನೆರಡು ವರ್ಷದ ಹಿಂದೆ. ಬೀದಿಯಲ್ಲಿ ಸಿಕ್ಕಿದ್ದನ್ನು ಹೆಕ್ಕಿ ಬರೆದದ್ದಲ್ಲ. ಸೆರೆಯಾಳುಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಷ್ಟು ಸಾಕು.

ಪದದ ಹಿತದೃಷ್ಟಿಯಿಂದ ಒಂದೇ ಪ್ರಶ್ನೆ. ತಮ್ಮ ಪತಿಯನ್ನು ಕಟ್ಟಿರಲಿಲ್ಲ, ಕೂಡಿಹಾಕಿರಲಿಲ್ಲ. ಆರು ತಿಂಗಳು ಕಾಲಾವಕಾಶವಿತ್ತು. ಅವರು ಯಾಕೆ ಓಡಿ ಬರಲಿಲ್ಲ?

ಅಥುಮಾನಿ ಕಿಬ್ವಾನಾ

*

ನಿಘಂಟು ಕಚೇರಿ
11 ಜನವರಿ 1993

ಶ್ರೀಮತಿ ಕೊಕುಶುಬಿರಾ ಅವರಿಗೆ,

ಮೂರು ತಿಂಗಳಾದರೂ ತಮ್ಮಿಂದ ಉತ್ತರವಿಲ್ಲ. ಬೈಗುಳವೂ ಇಲ್ಲ. ಟಪಾಲು ತಪ್ಪಿರಬಹುದೆಂದು ಮತ್ತೆ ಬರೆಯುತ್ತಿದ್ದೇನೆ.

ಹಳೆಯ ಚೀಟಿಗಳ ಡಬ್ಬಿ ತೆಗೆದು ನೋಡಿದೆ. ‘ಮಟೇಕಾ’ ಪದಕ್ಕೆ ಐದು ಮುದ್ರಿತ ಚೀಟಿಗಳಿರಬೇಕಿತ್ತು. ಎರಡೇ ಇವೆ. ಎರಡರಲ್ಲೂ ಹಗ್ಗವಿಲ್ಲ. ಇದನ್ನು ತಿಳಿಸುವುದು ನನ್ನ ಕರ್ತವ್ಯ.

ನನ್ನ ಪ್ರಶ್ನೆ ತಮಗೆ ನೋವು ಮಾಡಿದ್ದರೆ ಅದು ಉದ್ದೇಶವಾಗಿರಲಿಲ್ಲ.

ಅ. ಕಿಬ್ವಾನಾ

*

ರುಬಾಲೆ
30 ಜನವರಿ 1993

ಕಿಬ್ವಾನಾ ಅವರೇ,

ಟಪಾಲು ತಪ್ಪಿರಲಿಲ್ಲ. ನಿಮ್ಮ ಪತ್ರವನ್ನು ಒಲೆಗೆ ಹಾಕಿದೆ. ಪ್ರಶ್ನೆ ಮಾತ್ರ ಸುಡಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಾಯಿಜಾಗೆಯ ಮಣ್ಣಿನ ದಿನ ಗಡಿಯಾಚೆಯಿಂದ ಬಸ್ಸು ಹತ್ತಿ ಒಬ್ಬ ಮುದುಕ ಬಂದ. ಹೆಸರು ಸೆಮಾಂಡಾ. ಯಾರನ್ನೂ ಕೇಳದೆ ಹೋಗಿ ಸತ್ತವನ ಒಡಹುಟ್ಟಿದವರ ಜಾಗದಲ್ಲಿ ಕೂತ. ಕಾಯಿಜಾಗೆಗೆ ಅಣ್ಣತಮ್ಮಂದಿರಿಲ್ಲ, ಆ ಜಾಗ ಖಾಲಿ ಬಿಟ್ಟಿದ್ದರು. ಊರವರು ಗುಸುಗುಸು ಎಂದರು. ಆ ದಾಳಿಯ ಸೈನ್ಯದಲ್ಲಿ ಈತ ಕಾರ್ಪೊರಲ್ ಆಗಿದ್ದವನು ಎಂದು ತಿಳಿದ ಮೇಲೆ ಬ್ಯಾಬಾಟೊ ಹೊಡೆಯಲು ಕೋಲು ಹುಡುಕಿದ. ಯುದ್ಧದಲ್ಲಿ ಸಿಗದ ಕೋಲು ಸಾವಿನ ಮನೆಯಲ್ಲಿ ಸಿಕ್ಕಿತು ನೋಡಿ.

ಕಾಯಿಜಾಗೆ ಕಾಯಿಲೆ ಮಲಗಿದಾಗ ತಾನೇ ವಿಳಾಸ ಹೇಳಿ ಬಸ್ಸಿನವನ ಕೈಲಿ ಅವನಿಗೆ ಸುದ್ದಿ ಕಳಿಸಿದ್ದನಂತೆ. ನನಗೆ ಹೇಳಿರಲಿಲ್ಲ.

ನೀವು ಕರಾವಳಿಯವರು, ನಮ್ಮ ಕಡೆಯ ಒಂದು ಕಟ್ಟು ನಿಮಗೆ ತಿಳಿದಿರಲಾರದು. ಕಾಫಿ ಹಣ್ಣಿನೊಳಗೆ ಎರಡು ಬೀಜ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಇಬ್ಬರು ಹೊಟ್ಟೆಯ ಮೇಲೆ ಸಣ್ಣಗೆ ಗೀರಿಕೊಂಡು, ಒಬ್ಬೊಬ್ಬರು ಒಂದೊಂದು ಬೀಜವನ್ನು ತಮ್ಮ ರಕ್ತದಲ್ಲಿ ಅದ್ದಿ, ಒಬ್ಬನದನ್ನು ಇನ್ನೊಬ್ಬ ನುಂಗಿದರೆ ಅವರು ಅಣ್ಣತಮ್ಮಂದಿರು. ಆಮೇಲೆ ಒಬ್ಬನಿಂದ ಇನ್ನೊಬ್ಬನಿಗೆ ಸಾವು ಬರಕೂಡದು. ಬಂದರೆ ಆ ಬೀಜ ಹೊಟ್ಟೆಯೊಳಗೇ ಮೊಳೆತು ಕೊಲ್ಲುತ್ತದೆ ಎನ್ನುತ್ತಾರೆ. ನಾನು ಮಕ್ಕಳಿಗೆ ವಿಜ್ಞಾನ ಕಲಿಸಿದವಳು. ಆದರೂ ಹಾಗೆ ನುಂಗಿದವರು ಮಾತು ತಪ್ಪಿದ್ದನ್ನು ನಾನು ಕಂಡಿಲ್ಲ.

ಆ ದಿನ ಸೆಮಾಂಡಾ ನನ್ನೆದುರು ಕೂತು ಹೇಳಿದ್ದು ಇಷ್ಟು. ಅವನ ಭಾಷೆ ನಮ್ಮದಕ್ಕೆ ಹತ್ತಿರವೇ.

“ಅತ್ತಿಗೆ, ಸೈಕಲ್ಲಿನವನನ್ನ ನನ್ನ ತಲೆಗೆ ಕಟ್ಟಿದ್ರು. ಅವನು ಓಡಿದ್ರೆ ನಿನಗೆ ಗುಂಡು ಅಂದ್ರು. ನನಗೆ ಅವನ ಭಯ, ಅವನಿಗೆ ನನ್ನ ಭಯ. ಕೊನೆಗೆ ಇಬ್ಬರೂ ಕಾಫಿ ಬೀಜ ನುಂಗಿದ್ವಿ. ಒಂದು ತಿಂಗಳಿಗೆ ನಿಮ್ಮೂರಿನ ಮೂರು ಜನ ಮೂಟೆಯವರು ಹಗ್ಗ ಕಡಿದು ಓಡಿಹೋದ್ರು. ಅವರ ಕಾವಲಿಗಿದ್ದ ಹುಡುಗನ್ನ ನಮ್ಮೆಲ್ಲರ ಮುಂದೆ ನಿಲ್ಲಿಸಿ ಗುಂಡಿಕ್ಕಿದ್ರು. ಅವತ್ತು ಗಲಾಟೇಲಿ ದಾರಿ ಖಾಲಿ ಇತ್ತು. ನಾನೇ ಕಣ್ಣಲ್ಲಿ ‘ಹೋಗು’ ಅಂದೆ. ನಿಮ್ಮ ಯಜಮಾನರು ನನ್ನ ಮುಖ ನೋಡಿದ್ರು. ಆಮೇಲೆ ಕೂತು ಟ್ಯೂಬಿಗೆ ಗಾಳಿ ಹೊಡೆದ್ರು. ಅವರು ಹೋಗಿದ್ರೆ ಇವತ್ತು ಅವರಿಗೋಸ್ಕರ ಅಳೋಕೆ ನಾನೂ ಇರ್ತಿರಲಿಲ್ಲ.”

ಇದು ನಿಮ್ಮ ಪ್ರಶ್ನೆಗೆ ಉತ್ತರ. ಓಡಿ ಬಂದ ಆ ಮೂವರ ಹೆಸರು ಕಲ್ಲಿನ ಮೇಲಿದೆ. ಇರಲಿ, ಅವರ ಜೀವ ಅವರಿಗೆ. ಒಬ್ಬನ ಜೀವ ಉಳಿಸಲು ಕೂತವನು ಮಾತ್ರ ‘ಹೋಗಿಬಂದ ನೆಂಟ’. ಬ್ಯಾಬಾಟೊ ಹೇಳುವುದು ಹೀಗೆ: “ಶತ್ರು ಜೊತೆ ರಕ್ತದ ಕಾಫಿ ನುಂಗಿದವನು ಮಟೇಕಾ ಹೇಗಾಗ್ತಾನೆ? ಪುಸ್ತಕದಲ್ಲಿ ಕಾಫಿ ಅಂತ ಇಲ್ಲ, ಹಗ್ಗ ಅಂತ ಇದೆ.”

ಇನ್ನೇನು ಕೇಳುತ್ತೀರಿ ಕೇಳಿ.

ಕೊಕುಶುಬಿರಾ

*

ದಾರ್ ಎಸ್ ಸಲಾಮ್
3 ಮಾರ್ಚ್ 1993

ಟೀಚರಮ್ಮನವರೇ,

ಇದನ್ನು ಕಚೇರಿಯ ಕಾಗದದಲ್ಲಿ ಬರೆಯುತ್ತಿಲ್ಲ.

ಹಗ್ಗ ಎಲ್ಲಿಂದ ಬಂತು ಎಂದು ಮೊದಲ ಪತ್ರದಲ್ಲೇ ಕೇಳಿದ್ದಿರಿ. ಏಳು ತಿಂಗಳು ಸುತ್ತಿ ಈಗ ಉತ್ತರ ಹೇಳುತ್ತೇನೆ.

ಯುದ್ಧ ಮುಗಿದ ಮೇಲೆ ನಾವು ಹಿಡಿದ ಉಗಾಂಡಾದ ಸೈನಿಕರನ್ನು ದೇಶದ ಒಳಗಿನ ಒಂದು ಶಿಬಿರದಲ್ಲಿ ಇಟ್ಟಿದ್ದರು. ನಾನು ಅಲ್ಲಿ ದುಭಾಷಿ. ನಿಘಂಟಿನ ಕೆಲಸವನ್ನೂ ಜೊತೆಗೆ ಒಯ್ದಿದ್ದೆ. ಆ ಸೈನಿಕರಲ್ಲಿ ಆದ್ರಿಕೊ ಎಂಬ ಒಬ್ಬನನ್ನು ನನ್ನ ಕೋಣೆಯ ಕೆಲಸಕ್ಕೆ ಹಾಕಿದರು. ನನ್ನ ಅಂಗಿ ಇಸ್ತ್ರಿ ಮಾಡುತ್ತಿದ್ದ, ಮೂರು ಹೊತ್ತು ಚಹಾ ತರುತ್ತಿದ್ದ. ಅವನಿಗೆ ಹಗ್ಗವಿಲ್ಲ, ಕಾವಲಿಲ್ಲ. ಎಲ್ಲರಿಗೂ ‘ನಮ್ಮ ಆದ್ರಿಕೊ’ ಎಂದು ಪರಿಚಯಿಸುತ್ತಿದ್ದೆ. ತಿಂಗಳಿಗೊಮ್ಮೆ ಒಂದೇ ಮಾತು ಕೇಳುತ್ತಿದ್ದ: “ಯಜಮಾನ್ರೇ, ನಮ್ಮನ್ನ ಮನೆಗೆ ಯಾವಾಗ ಕಳಿಸ್ತಾರೆ?” ನಾನು ನಗುತ್ತ, “ಇಲ್ಲೇನು ಕಮ್ಮಿ ಆಗಿದೆ ನಿನಗೆ?” ಅನ್ನುತ್ತಿದ್ದೆ.

‘ಮಟೇಕಾ’ ಪದಕ್ಕೆ ಅರ್ಥ ಬರೆದ ದಿನವೂ ಅವನು ತಂದ ಚಹಾ ಮೇಜಿನ ಮೇಲಿತ್ತು. ‘ಶತ್ರುವಿನ ಕೈಗೆ ಸಿಕ್ಕ ವ್ಯಕ್ತಿ’ ಎಂದು ಬರೆದು ತಲೆ ಎತ್ತಿದೆ. ಅವನು ನನ್ನ ಬೂಟು ಒರೆಸುತ್ತ ಕೂತಿದ್ದ. ಆಗ ‘ಕೈಕಾಲು ಕಟ್ಟಿಸಿಕೊಂಡು’ ಎಂದು ಸೇರಿಸಿದೆ. ಆಮೇಲೆ ಚಹಾ ನೆಮ್ಮದಿಯಾಗಿ ಇಳಿಯಿತು. ಹೀಗೆ ಬಂತು ಹಗ್ಗ.

ನಿಮ್ಮ ಅಧ್ಯಕ್ಷ ಓದಿದ್ದು ನನ್ನ ನೆಮ್ಮದಿಯನ್ನು. ಅದರಿಂದ ನಿಮ್ಮ ಪತಿಗೆ ಅನ್ಯಾಯವಾಯಿತು. ನನಗೆ ನಾಚಿಕೆಯಾಗಿದೆ.

ಹೊಸ ವ್ಯಾಖ್ಯೆ ಹೀಗೆ ಬರೆದಿದ್ದೇನೆ: ‘ಮಟೇಕಾ: ಯುದ್ಧದಲ್ಲಿ ಎದುರಿನವರ ಕೈಗೆ ಸಿಕ್ಕವನು, ಕಟ್ಟಿದ್ದರೂ ಕಟ್ಟದಿದ್ದರೂ, ಮನೆಗೆ ಮರಳುವುದು ಯಾರ ಕೈಯಲ್ಲಿಲ್ಲವೋ ಅವನು.’ ಉದಾಹರಣೆಯ ವಾಕ್ಯ ಒಂದು ಬೇಕು. ಅದನ್ನು ಕೊಡುವ ಅರ್ಹತೆ ನನಗಿಲ್ಲ. ನೀವು ಕೊಡಿ. ಈ ಸಲ ಕುಚೋದ್ಯ ಮಾಡಿದರೂ ಸರಿಯೇ.

ಅಥುಮಾನಿ

*

ರುಬಾಲೆ
14 ಮಾರ್ಚ್ 1993

ಕಿಬ್ವಾನಾ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದು ನಿಮಗೇ ಸರಿ. ‘ಇಲ್ಲೇನು ಕಮ್ಮಿ’ ಅಂದಿರಾ? ಆ ಆದ್ರಿಕೊ ದಿನಕ್ಕೊಂದು ಸಲವಾದರೂ ನಿಮ್ಮ ಚಹಾದಲ್ಲಿ ಉಗಿದಿದ್ದರೆ ನನಗೆ ಸಂತೋಷ. ಹನ್ನೆರಡು ವರ್ಷ ಆ ಪುಸ್ತಕ ದೇಶದ ಶಾಲೆಗಳಲ್ಲೆಲ್ಲ ಇತ್ತು. ನಾನೂ ಮಕ್ಕಳಿಗೆ ಅದೇ ಅರ್ಥ ಬಾಯಿಪಾಠ ಮಾಡಿಸಿದ್ದೇನೆ. ನಾಚಿಕೆಯಾಗಿದೆ ಎಂದು ನನಗೆ ಬರೆದು ಏನು ಪ್ರಯೋಜನ? ಅವನ ವಿಳಾಸ ಹುಡುಕಿ, ಅವನಿಗೆ ಬರೆಯಿರಿ.

ಇಷ್ಟು ಬೈದ ಮೇಲೆ ನನ್ನದನ್ನೂ ಹೇಳಬೇಕು. ನಿಮ್ಮನ್ನು ಬೈಯುವಾಗ ನಾಲಗೆ ಅಷ್ಟು ಚುರುಕಾಗಿ ಓಡಿದ್ದು ಯಾಕೆ ಎಂದು ನನಗೆ ಗೊತ್ತು.

ನಮ್ಮ ಮನೆಗಳಲ್ಲಿ ಹುರಿದ ಕಾಫಿ ಬೀಜದ ಸಣ್ಣ ಬುಟ್ಟಿ ಇರುತ್ತದೆ. ಅತಿಥಿ ಬಂದರೆ ಎರಡೂ ಕೈಯಲ್ಲಿ ಹಿಡಿದು ಕೊಡುತ್ತೇವೆ, ಅವರು ಒಂದೆರಡು ಬೀಜ ತೆಗೆದು ಅಗಿಯುತ್ತಾರೆ. ಮನೆಯವರಿಗೆ ಯಾರೂ ಹಿಡಿಯುವುದಿಲ್ಲ. ಬೇಕಾದಾಗ ತಾವೇ ಕೈಹಾಕಿ ತೆಗೆದುಕೊಳ್ಳುತ್ತಾರೆ.

ಆ ಸೈನ್ಯ ಸೋತು ಚದುರಿದ ಮೇಲೆ ಕಾಯಿಜಾಗೆ ಒಂಬತ್ತು ದಿನ ನಡೆದು ಮನೆಗೆ ಬಂದ. ಅಷ್ಟರಲ್ಲಿ ಓಡಿಬಂದ ಮೂವರು ಊರಿಗೆಲ್ಲ ಹೇಳಿದ್ದರು: ಸೈಕಲ್ಲಿನವನಿಗೆ ಹಗ್ಗವೇ ಇರಲಿಲ್ಲ, ಆದರೂ ಬರಲಿಲ್ಲ. ನಾನು ಅದನ್ನು ಕೇಳಿ ನಾಲ್ಕು ತಿಂಗಳು ಕುದಿದಿದ್ದೆ. ಅವನು ಅಂಗಳಕ್ಕೆ ಕಾಲಿಟ್ಟ. ನಾನು ಒಳಗೆ ಹೋಗಿ ಬುಟ್ಟಿ ತಂದು, ಎರಡೂ ಕೈಯಲ್ಲಿ ಅವನ ಮುಂದೆ ಹಿಡಿದೆ. ಅತಿಥಿಗೆ ಹಿಡಿದಂತೆ. ಅವನಿಗೆ ಅರ್ಥವಾಯಿತು. ಒಂದೇ ಒಂದು ಬೀಜ ತೆಗೆದುಕೊಂಡ.

“ಯಾಕೆ ಓಡಿ ಬರಲಿಲ್ಲ?” ಅಂದೆ.

ಅವನು ಗೋಡೆಗೆ ಒರಗಿಸಿದ್ದ ತನ್ನ ಸೈಕಲ್ಲಿನ ಹತ್ತಿರ ಹೋಗಿ ಚೈನು ನೋಡುತ್ತ ನಿಂತ. ಕೇಳಿದವಳು ಹೆಂಡತಿ, ಕೇಳಿದ ಧಾಟಿ ಪೊಲೀಸರದು. ಯಾರು ತಾನೇ ಉತ್ತರ ಕೊಡುತ್ತಾರೆ?

ಆಮೇಲೆ ಹದಿಮೂರು ವರ್ಷ ಒಂದೇ ಸೂರಿನ ಕೆಳಗೆ ಇದ್ದೆವು. ಉಂಡೆವು, ನಕ್ಕೆವು, ಜಗಳವಾಡಿದೆವು. ಆದರೆ ಅವನು ಆ ಬುಟ್ಟಿಗೆ ತಾನಾಗಿ ಒಮ್ಮೆಯೂ ಕೈ ಹಾಕಲಿಲ್ಲ. ನಾನು ಹಿಡಿದರೆ ಒಂದು ಬೀಜ ತೆಗೆದುಕೊಳ್ಳುತ್ತಿದ್ದ. ಹಿಡಿಯದಿದ್ದರೆ ಇಲ್ಲ. ‘ನಿನ್ನ ಮನೆಯದೇ ಅಲ್ಲವೇ, ತಗೋ’ ಎನ್ನುವ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಸೆಮಾಂಡಾ ಬಂದು ಹೇಳಿದಾಗ ಗಂಡ ಹೆಣವಾಗಿ ಚಾಪೆಯಲ್ಲಿ ಸುತ್ತಿಸಿಕೊಂಡು ಮಲಗಿದ್ದ.

ಬ್ಯಾಬಾಟೊ ಮೂರ್ಖ, ನೀವು ಹೇಡಿ. ನಾನು ನಿಮ್ಮಿಬ್ಬರಿಗಿಂತ ಕಡೆ.

ಉದಾಹರಣೆಯ ವಾಕ್ಯ ಇದು: ‘ಮಟೇಕಾ ಮನೆಗೆ ಮರಳಿದಾಗ ಹೆಂಡತಿ ಅವನಿಗೆ ಅತಿಥಿಗೆ ಹಿಡಿದಂತೆ ಕಾಫಿ ಬುಟ್ಟಿ ಹಿಡಿದು, ಯಾಕೆ ಓಡಿ ಬರಲಿಲ್ಲ ಎಂದು ಕೇಳಿದಳು.’ ಮೂಲ: ಕೊಕುಶುಬಿರಾ, ಕಾಯಿಜಾಗೆಯ ಹೆಂಡತಿ. ಹೆಸರು ಬಿಡಬೇಡಿ. ಮೊಹರು ಸ್ಪಷ್ಟವಾಗಿ ಬೀಳಲಿ.

ಕೊಕುಶುಬಿರಾ

*

ನಿಘಂಟು ಕಚೇರಿ, ದಾರ್ ಎಸ್ ಸಲಾಮ್
5 ಏಪ್ರಿಲ್ 1993

ಟೀಚರಮ್ಮನವರೇ,

ಮೊಹರು ಹಾಕಿದ ಪ್ರತಿಯನ್ನು ಇಂದೇ ನಿಮ್ಮ ಅಧ್ಯಕ್ಷರಿಗೆ ರಿಜಿಸ್ಟರ್ ಟಪಾಲಿನಲ್ಲಿ ಕಳಿಸಿದ್ದೇನೆ. ವ್ಯಾಖ್ಯೆ, ವಾಕ್ಯ, ಮೂಲ ಎಲ್ಲ ಇವೆ. ಒಂದಲ್ಲ, ಮೂರು ಮೊಹರು ಒತ್ತಿದ್ದೇನೆ.

ನಿಮ್ಮ ಹೆಸರನ್ನು ಬಿಡೋಣವೆಂದು ಎರಡು ಸಲ ಲೇಖನಿ ಎತ್ತಿದೆ. ಆ ಅಧ್ಯಕ್ಷ ಅದನ್ನು ಊರ ಮುಂದೆ ಓದುತ್ತಾನೆಂಬುದು ನಿಮಗೆ ಗೊತ್ತಿದ್ದೇ ಬರೆದಿದ್ದೀರಿ ಎಂದು ಆಮೇಲೆ ಹೊಳೆಯಿತು. ಹಾಗಾಗಿ ಬಿಡಲಿಲ್ಲ.

ಆದ್ರಿಕೊನ ಊರಿನ ಕಡೆಯ ಒಂದು ಚರ್ಚಿಗೆ ಬರೆದಿದ್ದೇನೆ. ಇನ್ನೂ ಉತ್ತರವಿಲ್ಲ. ಬರಬೇಕೆಂದೂ ಇಲ್ಲ.

ಅಥುಮಾನಿ

*

ರುಬಾಲೆ
26 ಜುಲೈ 1993

ಅಥುಮಾನಿ ಅವರಿಗೆ,

ನಿನ್ನೆ ಕಲ್ಲಿನ ಅನಾವರಣವಾಯಿತು. ಹದಿನೆಂಟು ಹೆಸರಿವೆ. ಕೊನೆಯದು ಸ್ವಲ್ಪ ಇಕ್ಕಟ್ಟಾಗಿದೆ, ಬ್ಯಾಬಾಟೊ ತನ್ನ ಹೆಸರಿಗೆ ಅಷ್ಟು ಜಾಗ ಹಿಡಿದಿದ್ದ.

ಅವನು ಕೋಟು ಹಾಕಿಕೊಂಡು ನಿಮ್ಮ ಕಾಗದ ಓದಿದ. ಮೂರು ಮೊಹರು ನೋಡಿ ಬೀಗಿಹೋಗಿದ್ದ. ಪತ್ರದ ಸಂಖ್ಯೆ, ದಿನಾಂಕ, ಕಚೇರಿಯ ಅಂಚೆ ಪೆಟ್ಟಿಗೆ, ವ್ಯಾಖ್ಯೆ, ಎಲ್ಲ ಓದಿದ. ಉದಾಹರಣೆಯ ಅರ್ಧಕ್ಕೆ ಬಂದಾಗ ತಾನು ಏನು ಓದುತ್ತಿದ್ದೇನೆಂದು ಅವನಿಗೂ ತಿಳಿಯಿತು. ಧ್ವನಿ ತಗ್ಗಿತು. ಆದರೆ ಮೊಹರಿನ ಕಾಗದವನ್ನು ಮಧ್ಯೆ ನಿಲ್ಲಿಸುವ ಧೈರ್ಯ ಆ ಪ್ರಾಣಿಗೆಲ್ಲಿ? ನನ್ನ ಹೆಸರನ್ನೂ ಓದಿ ಮುಗಿಸಿದ.

ಅತಿಥಿಗೆ ಹಿಡಿದಂತೆ ಎಂದರೇನು ಎಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹೆಂಗಸರು ನನ್ನ ಕಡೆ ತಿರುಗಿ ನೋಡಿದರು. ನೋಡಲಿ ಎಂದೇ ಮುಂದಿನ ಸಾಲಿನಲ್ಲಿ ನಿಂತಿದ್ದೆ. ಮೊದಲು ಮಾತಾಡಿದವಳು ಬ್ಯಾಬಾಟೊನ ಹೆಂಡತಿ. “ಟೀಚರಮ್ಮ, ಅವತ್ತು ನಾವೆಲ್ಲ ಅದೇ ಕೇಳಿದ್ವಲ್ಲ” ಅಂದಳು. ಓಡಿಬಂದ ಮೂವರಲ್ಲಿ ಇಬ್ಬರು ಬದುಕಿದ್ದಾರೆ. ಅವರು ತಲೆ ತಗ್ಗಿಸಿದರು.

ಸೆಮಾಂಡಾ ಬಂದಿದ್ದ. ಮಧ್ಯಾಹ್ನ ಮನೆಗೆ ಕರೆದುಕೊಂಡು ಹೋದೆ. ಬುಟ್ಟಿ ತರಲು ನಾನು ಒಳಗೆ ಹೊರಟರೆ ಅವನು, “ಕೂತ್ಕೊಳ್ಳಿ ಅತ್ತಿಗೆ” ಎಂದು ತಾನೇ ಒಳಗೆ ಹೋಗಿ, ಬುಟ್ಟಿಗೆ ಕೈ ಹಾಕಿ ಹಿಡಿಯಷ್ಟು ಬೀಜ ಬಾಯಿಗೆ ಹಾಕಿಕೊಂಡು ಅಗಿಯುತ್ತ ಬಂದ. ನಾನು ಅತ್ತುಬಿಟ್ಟೆ. ಇಷ್ಟೇ ಆಗಬೇಕಾಗಿದ್ದುದು. ಇದಾಗಲು ಬಿಡದೆ ಹದಿಮೂರು ವರ್ಷ ಕಳೆದೆ.

ಸಂಜೆ ಬುಟ್ಟಿಯನ್ನು ಕಲ್ಲಿನ ಹತ್ತಿರ ಒಯ್ದೆ. ಎರಡೂ ಕೈಯಲ್ಲಿ ಹಿಡಿಯಲಿಲ್ಲ. ಅವನ ಹೆಸರಿನ ಕೆಳಗೆ ನೆಲದ ಮೇಲಿಟ್ಟು, ಮುಚ್ಚಳ ತೆಗೆದು, ತಿರುಗಿ ನೋಡದೆ ಮನೆಗೆ ಬಂದೆ. ಬೇಕಾದಾಗ ಅವನೇ ತೆಗೆದುಕೊಳ್ಳಲಿ.

ಕೊಕುಶುಬಿರಾ
ಕಾಯಿಜಾಗೆಯ ಹೆಂಡತಿ